ಉಪ್ಪು ತಿಂದ ಕಾರು

ಇಪ್ಪತ್ತು ನಿಮಿಷದ ಕೆಲಸ ಅಂದ ವಿಡಿಯೋದವನು.
ಅವನ ಅಂಗಳದಲ್ಲಿ ಬಿಸಿಲು, ಬೇಲಿಯಾಚೆ ಕಳ್ಳಿಗಿಡ.
ಮರುಭೂಮಿಯ ಕಾರು ಅದು. ಅದರ ಬೋಲ್ಟುಗಳು
ಮದುಮಗಳ ಕೈಯ ಹೊಸ ಬಳೆಗಳ ಹಾಗೆ
ಮುಟ್ಟಿದರೆ ಸಾಕು, ತಿರುಗುತ್ತವೆ.

ನನ್ನದು ಶೆಟಿಕ್ಯಾಂಪ್. ಕಡಲ ಗಾಳಿ ಸಾಲದೆಂದು
ನವೆಂಬರಿನಿಂದ ಏಪ್ರಿಲಿನವರೆಗೆ ಲಾರಿಗಳು ಬಂದು
ರಸ್ತೆಗೆ ಉಪ್ಪೆರಚುವ ಊರು.
ಹದಿನೇಳು ಚಳಿಗಾಲ ಉಪ್ಪು ತಿಂದದ್ದು
ನೀರು ಕುಡಿಯದೆ ಇದ್ದೀತೆ?
ಕುಡಿದಿದೆ. ಬಾಗಿಲ ಕೆಳಗೆ ಬೆರಳಿಟ್ಟರೆ
ಸುಟ್ಟ ಹಪ್ಪಳ, ಪುಡಿಪುಡಿ.

ಗ್ಯಾರೇಜಿನ ಆಲ್ಫೇ ಕೇಳಿದ್ದು ಎಂಟುನೂರು ಡಾಲರ್.
ಏಡಿ ಕಾರ್ಖಾನೆ ಬಾಗಿಲು ತೆಗೆಯುವುದು ಮೇ ತಿಂಗಳಿಗೆ.
ಅದಕ್ಕೇ ಈ ದೆಲ್ಫೀನ್
ಬಚ್ಚಲಿನ ಹಳೇ ಪರದೆ ಹಾಸಿಕೊಂಡು
ಹಿಮದ ಮೇಲೆ ಅಂಗಾತ. ಮುಖದ ಮೇಲೊಂದು ಬ್ರೇಕು.

ಮೊದಲ ಬೋಲ್ಟು ಬಂತು, ಅಳುತ್ತ.
ಎರಡನೆಯದು ಜಪ್ಪಯ್ಯ ಅನ್ನಲಿಲ್ಲ.
ಎಣ್ಣೆ ಸಿಂಪಡಿಸಿದೆ. ಚಹ ಕುಡಿದೆ. ಮತ್ತೆ ಎಣ್ಣೆ.
ಪಾನಾದ ಬಾಲಕ್ಕೆ ಕೊಳವೆ ಸಿಕ್ಕಿಸಿ ಜೋತುಬಿದ್ದೆ.
ಅರ್ಧ ಗಂಟೆ ಕಳೆದ ಮೇಲೆ ಹೊಳೆಯಿತು:
ಅಂಗಾತ ಬಿದ್ದವಳಿಗೆ ಎಡವೇ ಬಲ.
ಇಷ್ಟು ಹೊತ್ತೂ ನಾನದನ್ನು ಬಿಗಿ ಮಾಡುತ್ತಿದ್ದೆ.

ಸರಿ, ಈ ಕಡೆ ತಿರುಗಿಸಿದೆ.
ಆರು ಮೂಲೆಯೂ ಸವೆದು, ತಲೆ ನುಣ್ಣಗೆ,
ಹುಡುಗರ ಗೋಲಿ.

ಟಾರ್ಚು ಹಿಡಿದವಳು ಅತ್ತೆ ಜೆಲೀ. ಎಂಬತ್ತೊಂದು.
ಹಿಡಿದಿದ್ದಾಳೆ, ಇಲ್ಲವೆನ್ನಲಾರೆ:
ನನ್ನ ಕಣ್ಣಿಗೆ, ಬೇಲಿಗೆ, ಪಕ್ಕದ ಮನೆಯವರ ಕಿಟಕಿಗೆ,
ಬೋಲ್ಟೊಂದನ್ನು ಬಿಟ್ಟು ಸಕಲ ಚರಾಚರಕ್ಕೆ.
ಇಲ್ಲಿ, ಅಂದೆ.
ಎಲ್ಲಿ?
ನಾನು ನೋಡ್ತಿರೋ ಕಡೆ!
ನೀನೆಲ್ಲಿ ನೋಡ್ತೀಯೋ ಯಾರಿಗೆ ಗೊತ್ತು,
ನನಗೆ ಕಾಣೋದು ನಿನ್ನ ಬೂಟು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ.
ಕೊತ್ತಿ ಒಳಗೆ ಒಲೆಯ ಹತ್ತಿರ ಬೆಚ್ಚಗಿತ್ತು.
ಬೋಲ್ಟಿನ ಮೇಲಿನ ಕೋಪ ಅತ್ತೆಗೇ ತಗುಲಿತು.
ನಿನ್ನ ಮಗ ರೊಸೇರ್
ಹೋಗುವಾಗ ನನಗೆ ಬಿಟ್ಟದ್ದು ಮೂರೇ:
ಈ ಕಾರು,
ಹತ್ತರ ಸಾಕೆಟ್ಟೇ ಇಲ್ಲದ ಸಾಮಾನಿನ ಪೆಟ್ಟಿಗೆ,
ಮತ್ತೆ

ಮೂರನೆಯದನ್ನು ನುಂಗಿದೆ.
ತುಕ್ಕಿನ ಪುಡಿ ಬಾಯಿಗೆ ಬಿದ್ದಿತ್ತು, ಅದನ್ನೂ.

ಅವಳು ಮಾತಾಡಲಿಲ್ಲ.
ಬೆಳಕು ಮಾತ್ರ ಮೆಲ್ಲಗೆ ಸರಿದು ಬಂದು
ಬೋಲ್ಟಿನ ನೆತ್ತಿಯ ಮೇಲೆ ಕೂತಿತು, ಅಲ್ಲಾಡದೆ.
ಸ್ವಲ್ಪ ಹೊತ್ತಿಗೆ ಕಾರಿನಡಿಗೆ ಒಂದು ಕೈ ತೂರಿತು,
ಕೈಯಲ್ಲಿ ಉಳಿ, ಸುತ್ತಿಗೆ.
ಮಾವನ ದೋಣಿಯ ಇಂಜಿನ್ನಿಗೆ ಹೀಗೇ ಮಾಡ್ತಿದ್ದೆ, ಅಂದಳು.
ನೀನಾ?
ಮತ್ತಿನ್ಯಾರು, ಅವನಾ?

ಹೊಡೆದೆ. ಅವಳು ಹೇಳಿದ ಓರೆಯಲ್ಲೇ ಹೊಡೆದೆ.
ನಾಲ್ಕನೇ ಏಟಿಗೆ ಬಂತು
ತಲೆ ಮಾತ್ರ.
ಮುಂಡ ಒಳಗೇ ಉಳಿಯಿತು, ಆರಾಮಾಗಿ.

ಹಿಮದ ಮೇಲೆ ಪಕ್ಕಪಕ್ಕದಲ್ಲಿ ಕೂತು
ಇಬ್ಬರೂ ಬೈದೆವು. ನಾನು ಒಂದು ನಿಮಿಷ.
ಅವಳು, ನನಗೆ ಗೊತ್ತೇ ಇರದ
ಬೆಸ್ತರ ಕಾಲದ ಬೈಗುಳಗಳಲ್ಲಿ, ಬಹಳ ಹೊತ್ತು.

ಗುರುವಾರ ಆಲ್ಫೇಯ ಟ್ರಕ್ಕಿನಲ್ಲಿ
ಚರ್ಚಿನ ಹಾಲಿಗೆ ಹೋದೆವು, ಬಿಂಗೋಗೆ.
ಎಂಟುನೂರರ ಮಾತು ಅವನೂ ಎತ್ತಲಿಲ್ಲ, ನಾವೂ.
ಬಿ, ಹತ್ತು, ಎಂದು ಕೂಗಿದರು.
ಜೆಲೀ ಕೋಟಿನ ಜೇಬು ತಡಕಿ
ಮುರಿದ ಬೋಲ್ಟಿನ ತಲೆ ತೆಗೆದು
ಚೀಟಿಯ ಮೇಲೆ ಠಪ್ಪನೆ ಇಟ್ಟು
ಮೊಣಕೈಯಿಂದ ತಿವಿದಳು:
ನೋಡು, ಸಿಕ್ಕಿತು ನಿನ್ನ ಹತ್ತು.